ಬಂದೆ ಎಂದ ಮದರ್‌ಬೋರ್ಡ್

ಭಾನುವಾರ ಮಧ್ಯಾಹ್ನ, ಊಟವಾದ ಹೊತ್ತು. ನಮ್ಮ ಮನೆಯವರು ಹಾಲ್‌ನಲ್ಲಿ ಮುಖದ ಮೇಲೆ ಪೇಪರ್ ಹಾಕಿಕೊಂಡು ಮಲಗಿದ್ದರು. ನಾನು ಒಳಕೋಣೆಯಲ್ಲಿ ಕಂಪ್ಯೂಟರಿನ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಆಗ ಒಬ್ಬ ಹೆಂಗಸು "ಬಂದೆ... ಬಂದೇ..." ಎಂದಳು.

"ಯಾರೇ ಅದು, ಅಡುಗೆಮನೇಲಿ?" ಎಂದು ಇವರು ಹಾಲ್‌ನಿಂದ ಕೇಳಿದರು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿರುವುದೇ ನಾವಿಬ್ಬರು. ಅವರು ಅಲ್ಲಿ, ನಾನು ಇಲ್ಲಿ. ಮತ್ತು ನಾನು ತುಟಿ ಬಿಚ್ಚಿರಲಿಲ್ಲ.

ನನ್ನ ಹುಚ್ಚುಗಳು ನಿಮಗೆ ಹೊಸದಲ್ಲ. ಮಿಕ್ಸಿ ರಿಪೇರಿ ಮಾಡಲು ಹೋಗಿ ಮನೆಯ ಫ್ಯೂಸ್ ಹಾರಿಸಿದ್ದನ್ನು ಇದೇ ಅಂಕಣದಲ್ಲಿ ಓದಿ ನಕ್ಕವರು ನೀವು. ಈಗಿನ ಹುಚ್ಚಿನ ಹೆಸರು ಓವರ್‌ಕ್ಲಾಕಿಂಗ್. ಕಂಪ್ಯೂಟರಿನ ಪ್ರೊಸೆಸರ್‌ಗೆ ಇಷ್ಟೇ ವೇಗದಲ್ಲಿ ಓಡು ಎಂದು ಬುದ್ಧಿ ಹೇಳಿ ಕಳಿಸಿರುತ್ತಾರೆ. ನಾವು ಅದನ್ನು ಮನೆಗೆ ತಂದು, ಇನ್ನೂ ಸ್ವಲ್ಪ ಓಡು, ನಿನ್ನ ಕೈಲಾಗುತ್ತದೆ, ಇನ್ನೂ ಸ್ವಲ್ಪ ಓಡು ಎಂದು ಪುಸಲಾಯಿಸುತ್ತೇವೆ. ಸಾಧಾರಣ ಪ್ರೊಸೆಸರ್‌ನಿಂದ ದುಬಾರಿ ಪ್ರೊಸೆಸರ್‌ನ ಕೆಲಸ ತೆಗೆಯುವುದು. (ವಿಮಾ ಕಚೇರಿಯಲ್ಲಿ ನನ್ನಿಂದ ತೆಗೆಯುವುದಿಲ್ಲವೇ, ಹಾಗೆ.)

ಇದಕ್ಕೆಲ್ಲ ಮೂಲ ಮದರ್‌ಬೋರ್ಡ್. ಕಂಪ್ಯೂಟರಿನ ಎಲ್ಲ ಭಾಗಗಳೂ ಕೂರುವ ಹಲಗೆ ಅದು. ವೇಗ ಏರಿಸುವ, ವೋಲ್ಟೇಜ್ ಹೆಚ್ಚಿಸುವ ಅಧಿಕಾರವೆಲ್ಲ ಅದರದ್ದೇ. ಕೆಲವು ಬೋರ್ಡುಗಳು ಏನನ್ನೂ ಮುಟ್ಟಗೊಡುವುದಿಲ್ಲ. ಕೆಲವು ಮುಟ್ಟಿಸಿಕೊಂಡು ಮೂರೇ ದಿನಕ್ಕೆ ಮುನಿಸಿಕೊಳ್ಳುತ್ತವೆ. ಒಳ್ಳೆಯದೊಂದನ್ನು ಆರಿಸುವುದು ಗಂಡು ನೋಡುವುದಕ್ಕಿಂತ ಕಷ್ಟ. ಗಂಡನ್ನು ನೋಡುವಾಗ ಬಿಸಿ ಏರಿಸಿ ಪರೀಕ್ಷೆ ಮಾಡುವ ಸೌಲಭ್ಯವಂತೂ ನನಗೆ ಇರಲಿಲ್ಲ.

ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಯಾಜ್ ಭಾಯ್ ಅವರ ಹಳೇ ಕಂಪ್ಯೂಟರ್ ಅಂಗಡಿ ಇದೆ. ಒಂದು ಕಡೆ ಗುಜರಿ ಕಬ್ಬಿಣ, ಇನ್ನೊಂದು ಕಡೆ ಕಬಾಬಿನ ಹೊಗೆ, ನಡುವೆ ಇವರು. ಬೋರ್ಡುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪ್ರೊಸೆಸರ್ ಕೂರುವ ಜಾಗದ ಸುತ್ತ ಪುಟ್ಟ ಪುಟ್ಟ ಡಬ್ಬಿಗಳಿರುತ್ತವೆ, ಕೆಪಾಸಿಟರುಗಳು. ಅವುಗಳ ನೆತ್ತಿ ಚಪ್ಪಟೆಯಾಗಿರಬೇಕು. ಸ್ವಲ್ಪ ಉಬ್ಬಿದ್ದರೂ ಆ ಬೋರ್ಡು ಹೆಚ್ಚು ದಿನ ಬಾಳುವುದಿಲ್ಲ. ನಾನು ಬೆರಳಾಡಿಸಿ ನೋಡುತ್ತಿದ್ದರೆ ನಯಾಜ್ ಭಾಯ್ ಬದನೆಕಾಯಿ ಮಾರುವವನ ತಾಳ್ಮೆಯಿಂದ ಕೂತಿದ್ದರು.

"ಇದು ನೋಡಿ ಮೇಡಂ. ಏಕ್ ನಂಬರ್ ಮಾಲು. ಕಾಲೋನಿ ಪಾರ್ಟಿದು, ನೀಟಾಗಿ ಇಟ್ಕೊಂಡಿದ್ರು."

ಡಬ್ಬಿಗಳೆಲ್ಲ ಚಪ್ಪಟೆ. ಚಿಪ್‌ನ ಮೇಲೆ ಹೆಚ್ಚುವರಿ ಫ್ಯಾನ್. ಯಾರೋ ನನ್ನಂಥವರೇ ಸಾಕಿದ ಬೋರ್ಡು. ಅಂಗಡಿಯ ಮೇಜಿನ ಮೇಲೆ ಅದಕ್ಕೆ ಕರೆಂಟ್ ಕೊಟ್ಟರು. ಮೊದಲ ಸಲ ಏನೂ ಬರಲಿಲ್ಲ. "ಸ್ಪೀಕರ್ ಇಲ್ಲ, ಬೀಪ್ ಕೇಳ್ಸಲ್ಲ, ತಡೀರಿ" ಎಂದು ಇನ್ನೊಮ್ಮೆ ಒತ್ತಿದರು. ಈ ಸಲ ಎದ್ದಿತು. ವೇಗ ನಿಗದಿ ಮಾಡುವ ಸೆಟಪ್ ಪುಟ ತೆರೆದು ನೋಡಿದೆ. ಎದೆ ಝಲ್ಲೆಂದಿತು. ಹಿಂದಿನ ಮಾಲೀಕರು ಇಟ್ಟಿದ್ದ ವೇಗ ಹಾಗೆಯೇ ಉಳಿದಿತ್ತು. ಅಂಥ ಸಂಖ್ಯೆಯನ್ನು ನಾನು ಇಂಟರ್‌ನೆಟ್ಟಿನ ಬಡಾಯಿಗಳಲ್ಲೂ ಕಂಡಿರಲಿಲ್ಲ.

ಅಂದರೆ ಈ ಬೋರ್ಡು ಅಷ್ಟು ಓಡಿದೆ! ನಮ್ಮ ಪಂಗಡದವರು ಸಂಖ್ಯೆ ನೋಡಿದರೆ ಮುಗಿಯಿತು. ಯಾಕಿಟ್ಟರು ಎಂದು ಕೇಳುವುದಿಲ್ಲ. ಓಡಿರಲೇಬೇಕು ಎಂದುಕೊಳ್ಳುತ್ತೇವೆ. ಇನ್ನೇನೂ ನೋಡದೆ ಅದನ್ನು ಕೊಂಡೆ. ಇಡೀ ಕ್ಯಾಬಿನೆಟ್ಟನ್ನೇ ನಯಾಜ್ ಭಾಯ್ ಕಾಕ್ಸ್ ಟೌನಿನ ನಮ್ಮ ಮನೆಗೆ ತಂದು ಜೋಡಿಸಿ ಕೊಟ್ಟು ಹೋದರು.

ಮುಂದಿನದ್ದು ಪರೀಕ್ಷೆ. ಮೊದಲು ಮಾಮೂಲಿ ವೇಗ. ಪ್ರೊಸೆಸರ್‌ಗೆ ಉಸಿರು ಬಿಡಲು ಪುರುಸೊತ್ತಿಲ್ಲದಂತೆ ಲೆಕ್ಕ ಮಾಡಿಸುವ ಒಂದು ಪ್ರೋಗ್ರಾಂ ಹಾಕಿ, ತಿಂಡಿಯಿಂದ ಊಟದ ತನಕ ಬಿಟ್ಟೆ. ಜಗ್ಗಲಿಲ್ಲ. ಒಂದು ಮೆಟ್ಟಿಲು ಏರಿಸಿದೆ. ಜಗ್ಗಲಿಲ್ಲ. ಇನ್ನೊಂದು ಮೆಟ್ಟಿಲು. ಹಿಂದಿನವರು ಮುಟ್ಟಿದ್ದ ಸಂಖ್ಯೆಗೆ ಇನ್ನೂ ಗಾವುದ ದೂರವಿತ್ತು. ಆಗಲೇ ಆ ಭಾನುವಾರದ ಕಪ್ಪು ಪರದೆ, ಆ ದನಿ.

ದೆವ್ವವಲ್ಲ, ಹೆದರಬೇಡಿ. ಕೆಲವು ಬೋರ್ಡುಗಳಿಗೆ ಮಾತು ಬರುತ್ತದೆ. ವೇಗ ತಡೆಯಲಾರದೆ ಬಿದ್ದಾಗ, ಏನಾಯಿತೆಂದು ಸ್ಪೀಕರಿನಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತವೆ. ಆಮೇಲೆ ಸೆಟಪ್ ಪುಟದ ಮಟ್ಟಿಗೆ ಮಾಮೂಲಿ ವೇಗದಲ್ಲಿ ಏಳುತ್ತವೆ. ಆ ಇಂಗ್ಲಿಷ್ ಮಾತು ಬೇಡವೆಂದರೆ ನಮ್ಮದೇ ದನಿ ರೆಕಾರ್ಡ್ ಮಾಡಿ ಅದರೊಳಗೆ ತುಂಬಬಹುದು. ಕೆಲವೇ ಸೆಕೆಂಡಿನಷ್ಟು ಜಾಗ. ಹಿಂದಿನವರು ಯಾರೋ ಒಬ್ಬ ಹೆಂಗಸಿನ ದನಿ ತುಂಬಿದ್ದರು. ಅಷ್ಟೇ ಸಂಗತಿ.

ಕಾರಣ ತಿಳಿದ ಮೇಲೆ ಭಯ ಹೋಗಬೇಕು, ಅಲ್ಲವೇ? ನನಗೆ ಹೋಗಲಿಲ್ಲ.

ಆ ದನಿಯ ಹಿಂದೆ ಸಾಸಿವೆ ಸಿಡಿಯುತ್ತಿತ್ತು. ಬಳೆ ಸದ್ದಾಗುತ್ತಿತ್ತು. ಕೈಯಲ್ಲಿ ಸೌಟಿದೆ, ಒಗ್ಗರಣೆ ಸೀಯುತ್ತದೆ, ಹಾಲ್‌ನಿಂದ ಗಂಡ ಕರೆಯುತ್ತಿದ್ದಾನೆ. ಅಂಥ ಹೊತ್ತಿನಲ್ಲಿ ನಾವೆಲ್ಲರೂ ಹೇಳುವ ಮಾತೇ ಅದು. "ಬಂದೆ... ಬಂದೇ... ಇ" ಎಂದು ಕೊನೆಯ ಮಾತಿನ ನಡುವೆ ಕತ್ತರಿಸಿದಂತೆ ನಿಲ್ಲುತ್ತಿತ್ತು. ಆಮೇಲೆ ಫ್ಯಾನಿನ ಸದ್ದು ಮಾತ್ರ. ಬಂದೆ ಎಂದವಳು ಬರುತ್ತಿರಲಿಲ್ಲ.

ನಮ್ಮ ಭಾಷೆಯೂ ವಿಚಿತ್ರ, ಗಮನಿಸಿದ್ದೀರಾ? ಇನ್ನೂ ಬಾರದವರು "ಬಂದೆ" ಎನ್ನುತ್ತಾರೆ. ಹೊರಟು ನಿಂತವರು "ಬರ್ತೀನಿ" ಎನ್ನುತ್ತಾರೆ. ಹೋಗ್ತೀನಿ ಎಂದರೆ ಅಪಶಕುನ, ಅಜ್ಜಿಯಿಂದ ಬೈಗುಳ. ಹುಟ್ಟಿದಾಗಿನಿಂದ ಈ ಎರಡು ಸುಳ್ಳನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅದನ್ನು ಒಂದು ಯಂತ್ರ ಹೇಳಿದಾಗ ಮಾತ್ರ ಮೈ ಜುಮ್ಮೆನ್ನುತ್ತದೆ.

ನಾನು ಹಟ ಬಿಡಲಿಲ್ಲ. ಅಷ್ಟು ವೇಗ ಕಂಡ ಬೋರ್ಡು ನನ್ನ ಕೈಯಲ್ಲಿ ಅರ್ಧಕ್ಕೇ ಬೀಳುವುದೆಂದರೇನು? ವೋಲ್ಟೇಜ್ ಕೊಂಚ ಏರಿಸಿದೆ. "ಬಂದೆ... ಬಂದೇ... ಇ." ಫ್ಯಾನ್ ಬದಲಿಸಿದೆ. "ಬಂದೆ... ಬಂದೇ... ಇ." ಮೆಮೊರಿ ಬದಲಿಸಿದೆ. ಅದೇ ಸಾಸಿವೆ, ಅದೇ ಬಳೆ. ಆಫೀಸಿನಿಂದ ಬಂದವಳೇ ಚಪ್ಪಲಿ ಬಿಟ್ಟು ಕೂರುತ್ತಿದ್ದೆ. ಪಕ್ಕದ ಬೀದಿಯ ಚರ್ಚಿನ ಗಂಟೆ ಹೊಡೆಯುವಾಗ, ಬೇಕರಿಯಿಂದ ಬನ್ನಿನ ವಾಸನೆ ಬರುವಾಗ, ಆ ಹೆಂಗಸು ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು.

ಇವರು ಮೊದಲು ತಮಾಷೆ ಮಾಡಿದರು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಬೀದಿಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದು ನೆನಪಿದೆಯಲ್ಲ? ಗುರುತಿನವರ ದನಿಯಲ್ಲಿ ಕರೆಯುವ ದೆವ್ವ, ಅದನ್ನು ಓದಿ ವಾಪಸ್ ಹೋಗಿ, ಮಾರನೆಯ ದಿನ ಬಂದು, ಮತ್ತೆ ಅದನ್ನೇ ಓದಿ ವಾಪಸ್ ಹೋಗಬೇಕು. ಇವರು ಸೀಮೆಸುಣ್ಣ ತಂದು ನನ್ನ ಕ್ಯಾಬಿನೆಟ್ಟಿನ ಮೇಲೆ ದಪ್ಪಕ್ಷರದಲ್ಲಿ "ನಾಳೆ ಬಾ" ಎಂದು ಬರೆದರು. ಇಬ್ಬರೂ ನಕ್ಕೆವು.

ನಗು ನಿಂತದ್ದು ಬುಧವಾರ. ಯಂತ್ರ "ಬಂದೆ" ಎಂದಿತು. ಹಾಲ್‌ನಲ್ಲಿ ಟಿವಿ ನೋಡುತ್ತಿದ್ದ ಇವರು ತಿರುಗಿ ನೋಡದೆ, "ಹೂಂ, ಬಾ" ಎಂದರು.

ನಾನು ಬಾಗಿಲಿಗೆ ಬಂದು ನಿಂತೆ. ಅವರಿಗೂ ಅರಿವಾಯಿತು. ರಿಮೋಟ್ ಕೆಳಗಿಟ್ಟರು.

"ನೀನು ಅಂದ್ಕೊಂಡೆ ಕಣೆ."

"ನನ್ನ ದನಿ ಹಾಗಿದೆಯಾ?"

"ಇಲ್ಲ" ಎಂದರು. ಎದ್ದು ಟಿವಿ ಆರಿಸಿ, "ಆದ್ರೂ ಬಾ ಅಂದ್ಬಿಟ್ಟೆ" ಎಂದರು.

ಅಲ್ಲಿಂದಾಚೆಗೆ ಇನ್ನೊಂದು ಶುರುವಾಯಿತು. ನಾನು ನಿಜವಾಗಿಯೂ ಅಡುಗೆಮನೆಯಿಂದ "ಬಂದೆ" ಎಂದರೆ, ಇವರು ಅಡುಗೆಮನೆಯ ಕಡೆ ನೋಡುತ್ತಿರಲಿಲ್ಲ. ಒಳಕೋಣೆಯ ಕಡೆ ನೋಡುತ್ತಿದ್ದರು. ಒಂದು ಕ್ಷಣ, ಅಷ್ಟೇ. ಆದರೆ ಕಟ್ಟಿಕೊಂಡ ಹೆಂಡತಿಗೆ ಆ ಒಂದು ಕ್ಷಣ ಚೆನ್ನಾಗಿಯೇ ಗೊತ್ತಾಗುತ್ತದೆ.

ಪರಿಹಾರ ಇತ್ತು. ಬೋರ್ಡಿನ ಒಳಗಿನ ಪ್ರೋಗ್ರಾಂನ ಹೊಸ ಆವೃತ್ತಿ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಅದನ್ನು ಹಾಕಿದರೆ ಇನ್ನಷ್ಟು ವೇಗ ತಡೆಯುತ್ತದೆ ಎಂದು ಬಲ್ಲವರು ಬರೆದಿದ್ದರು. ಫ್ಲಾಪಿಗೆ ಇಳಿಸಿಕೊಂಡೆ. ಒಂದೇ ತೊಡಕು: ಹೊಸದು ಕೂತರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಆ ದನಿಯೂ.

ಫ್ಲಾಪಿ ಹಾಕಿ, ಬೆರಳನ್ನು ಕೀಲಿಯ ಮೇಲಿಟ್ಟು, ತೆಗೆದೆ. ಯಾರ ಮನೆಯ ಒಗ್ಗರಣೆಯೋ. ಮದುವೆಗಳನ್ನು ಕ್ಯಾಸೆಟ್‌ಗಟ್ಟಲೆ ವಿಡಿಯೋ ಮಾಡಿಸುತ್ತೇವೆ. ಅದರಲ್ಲಿ ಮದುಮಗಳು ಒಂದು ಮಾತೂ ಆಡಿರುವುದಿಲ್ಲ. ಸೌಟು ಹಿಡಿದು "ಬಂದೆ" ಎಂದದ್ದನ್ನು ಯಾರು ತೆಗೆದಿಟ್ಟುಕೊಂಡಿರುತ್ತಾರೆ? ಇವಳದನ್ನು ಒಬ್ಬರು ತೆಗೆದಿಟ್ಟಿದ್ದರು. ಅವರನ್ನು ಕೇಳದೆ ಅಳಿಸಲು ಮನಸ್ಸು ಬರಲಿಲ್ಲ.

ಹಿಂದಿನ ಮಾಲೀಕರ ಮನೆ ಎಲ್ಲಿದೆಯೆಂದು ನಯಾಜ್ ಭಾಯ್ ಹೇಳಿದರು. ಯಾವಾಗಲೋ ಒಮ್ಮೆ ಅಲ್ಲಿಗೆ ಹೋಗಿ ಫ್ಯಾನ್ ಹಾಕಿಕೊಟ್ಟಿದ್ದರಂತೆ. ಕೆ.ಆರ್. ಪುರದ ಕಡೆಯ ಫ್ಯಾಕ್ಟರಿ ಕಾಲೋನಿ, ನೀರಿನ ಟ್ಯಾಂಕಿನ ಎದುರಿನ ಸಾಲು. "ಸಾಹೇಬ್ರು ಗುರುಮೂರ್ತಿ ಅಂತ. ಆದ್ರೆ ಮಾಲು ತಂದಿದ್ದು ಅವ್ರ ಮಗಳು ಮೇಡಂ. ಬೇಗ ತಗೊಳ್ಳಿ ಅಂತ ಒಂದೇ ಅವಸರ."

ಶನಿವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಹೊರಟೆವು. ಬೋರ್ಡನ್ನು ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಹಲಸೂರು ಕೆರೆ ದಾಟಿ ಹಳೇ ಮದ್ರಾಸ್ ರಸ್ತೆ ಹಿಡಿದರೆ ಲಾರಿಗಳೂ ಕಾಲ್ ಸೆಂಟರಿನ ಸುಮೋಗಳೂ ನಮ್ಮನ್ನು ಒರಸಿಕೊಂಡೇ ಹೋಗುತ್ತಿದ್ದವು. ಇಡೀ ಊರನ್ನೇ ಯಾರೋ ಓವರ್‌ಕ್ಲಾಕ್ ಮಾಡಿದ್ದಾರೆ. ಕಾಲೋನಿಯ ಗೇಟು ಹೊಕ್ಕರೆ ಮಾತ್ರ ಸದ್ದೆಲ್ಲ ಹಿಂದೆ ಬಿತ್ತು. ಒಂದೇ ಥರದ ಹಳದಿ ಮನೆಗಳು, ಒಂದೇ ಥರದ ಹಸಿರು ಬಾಗಿಲುಗಳು. ಬಿಸಿಲಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಬೆಲ್ ಒತ್ತಿದೆ.

ಒಳಗಿನಿಂದ, "ಬಂದೆ... ಬಂದೇ... ಇರಿ!"

ಅದೇ ದನಿ. ಅದೇ ಏರಿಳಿತ. ನಮ್ಮ ಯಂತ್ರ ಯಾವತ್ತೂ ಮುಗಿಸದೆ ಬಿಡುತ್ತಿದ್ದ ಆ "ಇ" ಇಲ್ಲಿ ಮುಗಿಯಿತು. ಇವರು ಒಂದು ಮೆಟ್ಟಿಲು ಕೆಳಗಿಳಿದರು. ನಾನು ಬ್ಯಾಗನ್ನು ಎದೆಗವಚಿಕೊಂಡೆ. ಬ್ಯಾಗಿನಲ್ಲಿದ್ದದ್ದು ಕರೆಂಟಿಲ್ಲದ ಹಲಗೆ ಎಂದು ನನಗೇ ನಾನು ಹೇಳಿಕೊಳ್ಳಬೇಕಾಯಿತು.

ಬಾಗಿಲು ತೆರೆದದ್ದು ಪಿಯುಸಿ ಓದುವ ವಯಸ್ಸಿನ ಹುಡುಗಿ. ಕೈಯಲ್ಲಿ ಸೌಟು. ರಶ್ಮಿ ಎಂದಳು. ನಾನು ಹೆಸರು ಹೇಳಿ, ಹೀಗೆ ಒಂದು ಬೋರ್ಡು ಎಂದು ಬಾಯಿ ತೆರೆದೆ. ಅವಳ ಕಣ್ಣು ಬ್ಯಾಗಿನ ಮೇಲೆ ಬಿತ್ತು.

"ಒಳಗೆ ತರ್ಬೇಡಿ ಆಂಟಿ."

ಹೊಸ್ತಿಲ ಮೇಲೆ ನಿಂತೇ ಮಾತಾಡಿದಳು. ಅಪ್ಪ ಶಿಫ್ಟಿನಲ್ಲಿದ್ದರು, ಇನ್ನೇನು ಬರುವ ಹೊತ್ತು. ದನಿ ಅವಳ ಅಮ್ಮನದು. ಕರೆದಾಗಲೆಲ್ಲ ಬಂದೆ ಬಂದೆ ಎನ್ನುತ್ತೀಯ, ಬರುವುದೇ ಇಲ್ಲ, ನಿನಗೂ ಈ ಬೋರ್ಡಿಗೂ ವ್ಯತ್ಯಾಸವಿಲ್ಲ ಎಂದು ರೇಗಿಸಲು ಅಪ್ಪ ರೆಕಾರ್ಡ್ ಮಾಡಿದ್ದರಂತೆ. ಆಗ ಅಮ್ಮನೂ ನಕ್ಕಿದ್ದರಂತೆ. ಆಮೇಲೆ ಅಮ್ಮ ಕಾಯಿಲೆ ಬಿದ್ದು ತೀರಿಕೊಂಡರು.

ನನ್ನ ಬಾಯಿಂದ ಬಂದ ಪ್ರಶ್ನೆ ನೋಡಿ. ಇಂಥ ಹೊತ್ತಿನಲ್ಲೂ ಹುಚ್ಚು ಬಿಡುವುದಿಲ್ಲ.

"ಅಷ್ಟೊಂದು ಸ್ಪೀಡಲ್ಲಿ ಹೇಗಮ್ಮ ಓಡಿಸ್ತಿದ್ರು ನಿಮ್ಮಪ್ಪ?"

"ಓಡ್ತಾನೇ ಇರ್ಲಿಲ್ಲ ಆಂಟಿ" ಎಂದಳು. "ಓಡಿದ್ರೆ ಅಮ್ಮ ಮಾತಾಡಲ್ವಲ್ಲ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಯಾವ ಸಂಖ್ಯೆಯನ್ನು ನೋಡಿ ನಾನು ಶಿವಾಜಿನಗರದ ಅಂಗಡಿಯಲ್ಲಿ ಪುಳಕಗೊಂಡಿದ್ದೆನೋ, ಅದನ್ನು ಆ ಮನುಷ್ಯ ಇಟ್ಟದ್ದು ಯಂತ್ರ ಓಡಲಿ ಎಂದಲ್ಲ, ಬೀಳಲಿ ಎಂದು. ಪ್ರತಿ ಸಲವೂ, ತಪ್ಪದೆ.

"ಫ್ಯಾಕ್ಟರಿಯಿಂದ ಬಂದು, ಕಾಫಿ ಹಿಡ್ಕೊಂಡು ಅದರ ಮುಂದೆ ಕೂರೋರು. ಆನ್ ಮಾಡೋರು. ಅಮ್ಮ ಬಂದೆ ಅನ್ನೋರು. ಅಪ್ಪ 'ಬಾರೇ, ನಿಧಾನಕ್ಕೆ ಬಾ' ಅನ್ನೋರು. ಮತ್ತೆ ಆಫ್, ಮತ್ತೆ ಆನ್." ಅವಳು ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ನಾನು ಅಡುಗೆಮನೆಯಿಂದ ಬಂದೆ ಅಪ್ಪಾ ಅಂದ್ರೆ ನನ್ನ ಕಡೆ ತಿರುಗ್ತಾನೇ ಇರ್ಲಿಲ್ಲ. ಮಷೀನ್ ಕಡೆ ನೋಡೋರು. ತಟ್ಟೆ ತಂದು ಮುಂದೆ ಇಟ್ರೂ ಮಷೀನ್ ಕಡೆನೇ ನೋಡೋರು. ನನ್ನ ದನಿ ಅಮ್ಮನ ಥರ ಇರೋದು ನನ್ನ ತಪ್ಪಾ ಆಂಟಿ?"

ಇವರು ನನ್ನ ಮುಖ ನೋಡಲಿಲ್ಲ.

ಕಡೆಗೆ ಅವಳೇ ಬೋರ್ಡನ್ನು ಮಾರಿ, ಸುಟ್ಟುಹೋಯಿತು ಎಂದು ಅಪ್ಪನಿಗೆ ಹೇಳಿದ್ದಳು. ಅವರು ನಂಬಿದರು. ಅಷ್ಟು ವೇಗಕ್ಕಿಟ್ಟರೆ ಸುಡದೇ ಇರುತ್ತದೆಯೇ? ತಾನೇ ಸುಟ್ಟೆ ಎಂದುಕೊಂಡು ಕೆಲವು ದಿನ ಊಟ ಬಿಟ್ಟರಂತೆ. ಆಮೇಲೆ ಒಂದು ದಿನ ಅಡುಗೆಮನೆಗೆ ಬಂದು, ಮಣೆಯ ಮೇಲೆ ಕೂತು, ಅವಳು ಹುರುಳಿಕಾಯಿ ಹೆಚ್ಚುವುದನ್ನು ನೋಡುತ್ತಾ, ಕಾಲೇಜು ಹೇಗಿದೆ ಎಂದು ಕೇಳಿದರಂತೆ.

"ಈಗ ದಿನಾ ಕೇಳ್ತಾರೆ" ಎಂದಳು. ಅದನ್ನು ಹೇಳುವಾಗ ಮಾತ್ರ ಅವಳ ದನಿ ಹದಿಹರೆಯದ ಹುಡುಗಿಯದಾಗಿತ್ತು.

"ಹಾಗಾದ್ರೆ ಇದನ್ನ ಅಳಿಸಿಬಿಡ್ಲಾ?"

ಅವಳು ಥಟ್ಟನೆ ನನ್ನ ಕೈ ಹಿಡಿದುಕೊಂಡಳು. "ಅಳಿಸ್ಬೇಡಿ. ಅಮ್ಮಂದು ಅದೊಂದೇ ಇರೋದು. ನೀವೇ ಇಟ್ಕೊಳ್ಳಿ. ಆದ್ರೆ ಅಪ್ಪಂಗೆ ಮಾತ್ರ ಕೇಳಿಸ್ಬೇಡಿ. ಇನ್ನೊಂದ್ಸಲ ಕೇಳಿದ್ರೆ ಅವ್ರು ಮತ್ತೆ ಅಲ್ಲಿಗೇ ಹೋಗ್ಬಿಡ್ತಾರೆ."

"ಬರ್ತೀವಿ ಕಣಮ್ಮ" ಎಂದು ಹೊರಟೆವು.

ಈಗ ಬೋರ್ಡು ಮತ್ತೆ ನಮ್ಮ ಕ್ಯಾಬಿನೆಟ್ಟಿನಲ್ಲಿದೆ. ಮಾಮೂಲಿ ವೇಗ, ಮಾಮೂಲಿ ವೋಲ್ಟೇಜ್. ಬೀಳುವುದಿಲ್ಲ, ಆದ್ದರಿಂದ ಮಾತಾಡುವುದಿಲ್ಲ. ಹುಡುಕಿ ಹುಡುಕಿ ತಂದ ಓವರ್‌ಕ್ಲಾಕಿಂಗ್ ಬೋರ್ಡು ಅಂಕಣ ಟೈಪ್ ಮಾಡಲು ಬಳಕೆಯಾಗುತ್ತಿದೆ. (ನಮ್ಮ ಮನೆಯವರು ಇದಕ್ಕೂ ಒಂದು ತಮಾಷೆ ಹುಡುಕಬಹುದಿತ್ತು. ಹುಡುಕಲಿಲ್ಲ.) ಕರೆಂಟು ಏರುಪೇರಾದಾಗ ಮಾತ್ರ ನಾನು ಉಸಿರು ಬಿಗಿಹಿಡಿದು ಕೂರುತ್ತೇನೆ. ಪಕ್ಕದ ಕೋಣೆಯಲ್ಲಿ ಅವರೂ ಹಿಡಿಯುತ್ತಾರೆ ಎಂದು ಬಲ್ಲೆ.

ಈ ಬರಹ ಇಲ್ಲಿಗೇ ಮುಗಿಯಬೇಕಿತ್ತು. ಮೇಲಿನ ಸಾಲನ್ನು ಟೈಪ್ ಮಾಡುತ್ತಿದ್ದಾಗ, ಇವತ್ತು ದೀಪ ಹಚ್ಚುವ ಹೊತ್ತಿಗೆ, ಬೆಲ್ ಆಯಿತು.

"ಬಂದೆ, ಬಂದೆ, ಇರಿ" ಎಂದುಕೊಂಡೇ ಎದ್ದು ಹೋದೆ.

ಹೊರಗೆ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು, ಜೇಬಿನಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ. ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆಗೆ, ಒಳಕೋಣೆಯ ಕಡೆ ನೋಡುತ್ತಿದ್ದರು.

"ಗುರುಮೂರ್ತಿ ಅಂತ, ಮೇಡಂ. ಇನ್ನೊಂದು ಅಂಥದೇ ಬೋರ್ಡ್ ಸಿಗುತ್ತಾ ಅಂತ ಕೇಳಕ್ಕೆ ನಯಾಜ್ ಹತ್ರ ಹೋಗಿದ್ದೆ. ನಿಮ್ಮದೇ ಚೆನ್ನಾಗಿ ಓಡ್ತಿದೆಯಲ್ಲ ಸಾರ್, ಕಾಕ್ಸ್ ಟೌನಲ್ಲಿ, ಅಂದ."

ನಾನು ಬಾಗಿಲು ಹಿಡಿದು ನಿಂತೇ ಇದ್ದೆ.

"ಸುಟ್ಟಿಲ್ಲ, ಅಲ್ವಾ?" ಗುರುತಿನ ಚೀಟಿಯನ್ನು ಜೇಬಿನೊಳಕ್ಕೆ ತಳ್ಳಿದರು. "ಮಗಳನ್ನ ನಾನೇನೂ ಕೇಳಿಲ್ಲ. ಕೇಳೋದೂ ಇಲ್ಲ. ಬೋರ್ಡ್ ನಿಮಗೇ ಇರ್ಲಿ. ಒಂದೇ ಒಂದ್ಸಲ ಕೇಳಿಸ್ಬಿಡಿ. ಕೇಳ್ಬಿಟ್ಟು ಹೊರಟೋಗ್ತೀನಿ."

ಎಷ್ಟು ಸುಲಭ! ಎರಡು ಮೆಟ್ಟಿಲು ವೇಗ ಏರಿಸಿದರೆ ಸಾಕು. ಅವಳು ಮಾತಾಡುತ್ತಾಳೆ. ಹೆಂಡತಿಯ ದನಿ ಕೇಳಲು ಬಂದವರಿಗೆ ಇಲ್ಲ ಎನ್ನಲು ನಾನು ಯಾರು? ಹೂಂ ಎನ್ನಲು ತಾನೇ ನಾನು ಯಾರು? ಅಷ್ಟು ಹೊತ್ತಿಗೆ ಕಾಲೋನಿಯ ಆ ಅಡುಗೆಮನೆಯಲ್ಲಿ ಒಂದು ಹುಡುಗಿ ತಟ್ಟೆ ಹಾಕಿಟ್ಟು, ಬೆಲ್‌ಗೆ ಕಿವಿ ಕೊಟ್ಟು ಕಾಯುತ್ತಿರುತ್ತಾಳೆ ಎಂಬುದಂತೂ ನನಗೆ ಗೊತ್ತಿತ್ತು.

ಬಾಯಿಂದ ಏನು ಹೊರಟಿತು ಗೊತ್ತೇ? ಸಂಜೆಯಿಂದ ಕಣ್ಣೆದುರಿಗೇ ಇದ್ದ, ಕ್ಯಾಬಿನೆಟ್ಟಿನ ಮೇಲಿನ ಸೀಮೆಸುಣ್ಣದ ಅಕ್ಷರ.

"ನಾಳೆ ಬನ್ನಿ" ಎಂದೆ.

ಅವರು ಸಿಟ್ಟಾಗಲಿಲ್ಲ, ಕಾರಣ ಕೇಳಲಿಲ್ಲ. ಕಾದು ಅಭ್ಯಾಸವಿದ್ದವರ ಹಾಗೆ ತಲೆಯಾಡಿಸಿದರು. ಮೆಟ್ಟಿಲಿಳಿದು, ಗೇಟಿನ ಚಿಲಕ ಹಾಕಿ, ತಿರುಗಿ ನೋಡಿ, ನಾವೆಲ್ಲ ಹೇಳುವುದನ್ನೇ ಹೇಳಿದರು.

"ಬರ್ತೀನಿ."

ಅದು ಹೋಗುವವರ ಬರ್ತೀನಿಯೋ, ಬರುವವರದೋ?